ಟೀಚರ್ ಹೂಂ ಅಂದ ಬೆಳಗ್ಗೆ

ಮೊನ್ನೆ ಬೀರು ತೆಗೆದಾಗ ಹಳೆಯ ಉಣ್ಣೆ ಮಫ್ಲರಿನಿಂದ ನುಸಿಗುಳಿಗೆಯ ವಾಸನೆ ಬಂತು. ಎದುರು ಮನೆಯ ಟೀಚರ್ ನೆನಪಾದರು. ಮಲ್ಲೇಶ್ವರದ ನಮ್ಮ ಬೀದಿಯಲ್ಲಿ ಏಪ್ರಿಲ್ ಬಿಸಿಲಿನಲ್ಲೂ ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಓಡಾಡುತ್ತಿದ್ದವರು ಅವರೊಬ್ಬರೇ.

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಎಡಗೆನ್ನೆಗೆ ಸರ್ಪಸುತ್ತು ಆಗಿ, ಗುಳ್ಳೆಗಳೇನೋ ಒಣಗಿದವು. ನರದ ನೋವು ಮಾತ್ರ ಹೋಗಲಿಲ್ಲ. ಫ್ಯಾನಿನ ಗಾಳಿ ಸೋಕಿದರೂ ಕಾದ ಸೌಟು ಇಟ್ಟ ಹಾಗೆ... ಮಾತ್ರೆ, ಇಂಜೆಕ್ಷನ್ ಯಾವುದೂ ನಾಟಲಿಲ್ಲ. ಅಗಿಯಲಾಗದೆ ಗಂಜಿ ಕುಡಿದುಕೊಂಡು ದಿನ ದೂಡುತ್ತಿದ್ದರು.

ಕೊನೆಗೆ ನಾನೇ ಅವರನ್ನು ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಮಿದುಳಿನ ಸ್ಕ್ಯಾನ್ ತೋರಿಸಿ, ಒಳಗಿನ ಒಂದು ಚಿಕ್ಕ ಜಾಗದ ಮೇಲೆ ಬೆರಳಿಟ್ಟರು. “ನೋವಿನ ಸುದ್ದಿ ಹೋಗೋ ದಾರಿ ಇದು ಅಮ್ಮಾ. ಕೊಯ್ಯಲ್ಲ, ಕೊರೆಯಲ್ಲ. ಹೊರಗಿಂದ ಅಲ್ಟ್ರಾಸೌಂಡ್ ಅಲೆಗಳು ಇಲ್ಲಿಗೇ ಬಂದು ಸೇರೋ ಹಾಗೆ ಬಿಟ್ಟು, ಬಿಸಿ ಮಾಡಿ ಆ ದಾರಿ ಮುಚ್ತೀವಿ. ಹೊಸ ಚಿಕಿತ್ಸೆ, ಎಲ್ರಿಗೂ ಗುಣ ಆಗುತ್ತೆ ಅಂತ ಹೇಳಲಾರೆ. ಮತ್ತೆ... ತಲೆ ಪೂರ್ತಿ ಬೋಳಿಸ್ಬೇಕು.”

ಟೀಚರ್ ಎದ್ದು ಹೊರಟೇಬಿಟ್ಟರು.

“ಕೂದಲು ಮತ್ತೆ ಬರುತ್ತಲ್ಲ ಟೀಚರ್,” ಅಂದೆ ಮನೆಗೆ ಬಂದಮೇಲೆ.

“ನಮ್ಮಜ್ಜಿಗೆ ಗಂಡ ಸತ್ತಾಗ ಇನ್ನೂ ಚಿಕ್ಕ ವಯಸ್ಸು ಕಣೇ. ಹಿಡಿದು ಕೂರಿಸಿ ಬೋಳಿಸಿದ್ರಂತೆ. ಅದಕ್ಕೇ ನಮ್ಮ ಯಜಮಾನ್ರು ಹೋದ್ಮೇಲೂ ನಾನು ಹೂ ಮುಡಿಯೋದು ಬಿಡ್ಲಿಲ್ಲ.” ಸೊಂಟದವರೆಗಿನ ಜಡೆಯನ್ನು ಮುಂದಕ್ಕೆ ಎಳೆದುಕೊಂಡರು.

ಕೆಲವು ವಾರ ಆ ಮಾತೇ ಬರಲಿಲ್ಲ. ಆಮೇಲೊಂದು ಬೆಳಗ್ಗೆ ಗೇಟಿನ ಹತ್ತಿರ ನಿಂತು ಕರೆದರು. “ಹೋಗೋಣ ಬಾರೇ. ಅಜ್ಜಿನ ಯಾರೂ ಕೇಳ್ಲಿಲ್ಲ. ನನ್ನ ಕೇಳಿದಾರೆ. ನಾನು ಹೂಂ ಅಂತಿದೀನಿ.”

ಬೋಳಿಸಿದ ತಲೆಗೆ ಹೆಲ್ಮೆಟ್ಟಿನಂಥದ್ದನ್ನು ಬಿಗಿದು, ಎಚ್ಚರವಿದ್ದಂತೆಯೇ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿದ್ದರಂತೆ. ನಾನು ಹೊರಗೆ ಕೂತಲ್ಲಿ ಕೂರಲಾರದೆ ಓಡಾಡುತ್ತಿದ್ದೆ. ಆಟೋದಲ್ಲಿ ಮನೆಗೆ ಕರೆತರುವಾಗ ಸಂಪಿಗೆ ರಸ್ತೆಯ ತಿರುವಿನಲ್ಲಿ ಗಾಳಿ ನುಗ್ಗಿತು. ಅವರ ಕೆನ್ನೆಗೆ ಅಡ್ಡ ಹಿಡಿಯಲು ದುಪಟ್ಟಾ ಎಳೆದೆ. ಅವರು ನನ್ನ ಕೈ ಸರಿಸಿದರು.

“ಇರ್ಲಿ ಬಿಡು... ತಣ್ಣಗಿದೆ.”

ಇಬ್ಬರಿಗೂ ಅಳು ತಡೆಯಲಾಗಲಿಲ್ಲ.

ನೋವು ಪೂರ್ತಿ ಹೋಗಲಿಲ್ಲ. ಸಣ್ಣದೊಂದು ಜೋಮು ಉಳಿಯಿತು. ಅದನ್ನವರು ಲೆಕ್ಕಕ್ಕೇ ಇಡಲಿಲ್ಲ. ಕೋಡುಬಳೆಯನ್ನು ನನಗೆ ಕೇಳಿಸಲೆಂದೇ ಕಟುಂ ಅಂತ ಕಡಿಯುತ್ತಿದ್ದರು.

ಹೋದ ವರ್ಷ ನಿದ್ದೆಯಲ್ಲೇ ಹೃದಯ ನಿಂತು ತೀರಿಕೊಂಡರು. ಬೆಳಗ್ಗೆ ಹೋಗಿ ನೋಡಿದರೆ, ಎಡಗೆನ್ನೆಯನ್ನು ದಿಂಬಿಗೆ ಒತ್ತಿಕೊಂಡು ಮಲಗಿದ್ದರು. ಅವರಿಲ್ಲದ ಬೀದಿ ನನಗಿನ್ನೂ ಒಗ್ಗಿಲ್ಲ. ಆದರೂ, ಅವರು ಹಾಗೆ ಮಲಗಲು ಆಯಿತಲ್ಲ ಎಂದು ಮನಸ್ಸು ಹಗುರವಾಗುತ್ತದೆ.