ಆಷಾಢ ಕಳೆಯಲಿ ಎಂದವಳು ನಾನು

ನನ್ನ ಅಕ್ಕ ಎದೆಯ ಕ್ಯಾನ್ಸರಿನಿಂದ ತೀರಿಕೊಂಡದ್ದು ನಾವು ಅಮೆರಿಕದಲ್ಲೇ ಟ್ರಾಯ್ ಎಂಬ ಊರು ಬಿಟ್ಟು ಲೊಂಬಾರ್ಡ್ ಎಂಬಲ್ಲಿಗೆ ಬಂದ ಮರುವರ್ಷ. ಆ ರಿಸೆಷನ್ನಿನಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದ ನನ್ನ ಗಂಡನ ಕೆಲಸ ಹೋಗಿ, ಐದು ವಾರದ ಮೇಲೆ ಲೊಂಬಾರ್ಡ್ ಹತ್ತಿರದ ಲೈಲ್‌ನಲ್ಲಿ ಇನ್ನೊಂದು ಸಿಕ್ಕಿತ್ತು. ವೀಸಾ ಹೊಸ ಕಂಪನಿಗೆ ಬದಲಾಗಬೇಕಿತ್ತು. ಅದರ ಪೇಪರ್ ಬರುವ ಮೊದಲು ಊರಿಗೆ ಹೋದರೆ ವಾಪಸ್ ಬರುವುದು ಅನುಮಾನ ಎಂದು ಲಾಯರ್ ಹೇಳಿದ್ದರು.

ಅಕ್ಕ ಇದ್ದದ್ದು ನಂಜನಗೂಡಿನ ಹತ್ತಿರ. ಗಡ್ಡೆಯನ್ನು ಒಂದು ವರ್ಷ ಯಾರಿಗೂ ತೋರಿಸಿರಲಿಲ್ಲ. ನನಗೆ ಹೇಳಿದಾಗಲೂ, "ಸೆರಗಿನ ಹತ್ರ ಏನೋ ಗಂಟು ಕಣೇ" ಎಂದಳು. ಮೈಸೂರಿನ ಆಸ್ಪತ್ರೆಯಲ್ಲಿ ಹೆಂಗಸು ಡಾಕ್ಟರೇ ಇದ್ದಾರೆ ಎಂದು ಗೊತ್ತಾದ ಮೇಲಷ್ಟೇ ಹೋಗಲು ಒಪ್ಪಿದಳು. ಮೊದಲು ಕೀಮೋ ಕೊಟ್ಟು ಗಡ್ಡೆಯನ್ನು ಕುಗ್ಗಿಸಬೇಕು, ಆಮೇಲೆ ತಡಮಾಡದೆ ಆಪರೇಷನ್ ಎಂದರು ಅವರು.

ಮೂರು ವಾರಕ್ಕೊಮ್ಮೆ ಕೀಮೋ. ಭಾವನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಕ್ಕ ದಿನ ಇಬ್ಬರೂ, ಸಿಗದ ದಿನ ಅಕ್ಕ ಒಬ್ಬಳೇ, ಬಸ್ಸಿನಲ್ಲಿ ಹೋಗುತ್ತಿದ್ದರು. ಡಾಕ್ಟರು ನೋಡುತ್ತಿದ್ದದ್ದು ಸಂಜೆ, ನನಗಿಲ್ಲಿ ಬೆಳಗಿನ ಕಾಫಿಯ ಹೊತ್ತು. ಅಕ್ಕ ಅವರ ಮೇಜಿನ ಮೇಲೆ ಮೊಬೈಲ್ ಇಟ್ಟು ಸ್ಪೀಕರ್ ಹಾಕುವಳು. ರಕ್ತ ಪರೀಕ್ಷೆ ಯಾವತ್ತು, ವಾಂತಿಯ ಮಾತ್ರೆ ಎಷ್ಟು ಹೊತ್ತಿಗೆ, ಜ್ವರ ಬಂದರೆ ಏನು ಮಾಡಬೇಕು, ಎಲ್ಲವನ್ನೂ ನಾನು ಫ್ರಿಜ್ಜಿಗೆ ಅಂಟಿಸಿದ ಕ್ಯಾಲೆಂಡರಿನಲ್ಲಿ ಬರೆದುಕೊಂಡು, ಹಿಂದಿನ ದಿನ ಫೋನ್ ಮಾಡಿ ನೆನಪಿಸುತ್ತಿದ್ದೆ. ಅಕ್ಕ ಓದಿದ್ದು ಏಳನೆಯ ಕ್ಲಾಸು. ನಾನು ಹೇಳಿದರೆ ಡಾಕ್ಟರು ಹೇಳಿದಷ್ಟೇ ಅವಳಿಗೆ.

ಕೂದಲು ಉದುರಿದ ವಾರ ನಗುತ್ತಲೇ ಹೇಳಿದಳು. "ಪಕ್ಕದ್ಮನೆಯವಳು ತಿರುಪತಿಗೆ ಹೋಗಿದ್ರಾ ಅಂದ್ಲು. ಹೂಂ ಅಂದ್ಬಿಟ್ಟೆ. ಈಗ ದಿನಾ ಲಾಡು ಕೇಳ್ತಾಳೆ ಕಣೇ, ಎಲ್ಲಿಂದ ತರ್ಲಿ?"

ಕೀಮೋ ಮುಗಿಯುವ ಹೊತ್ತಿಗೆ ಗಡ್ಡೆ ಅವಳ ಕೈಗೇ ಸಿಗುತ್ತಿರಲಿಲ್ಲ. "ಕರಗ್ಹೋಗಿದೆ" ಎಂದಳು. ನಾನು ಸಜ್ಜಿಗೆ ಮಾಡಿ ದೇವರಿಗೆ ಇಟ್ಟೆ. ಆಪರೇಷನ್ನಿಗೆ ಕೊಟ್ಟ ದಿನ ಆಷಾಢದ ಮೊದಲ ವಾರದಲ್ಲಿ ಬಿದ್ದಿತ್ತು.

"ಆಷಾಢ ಕಳೀಲಿ ಅಕ್ಕ" ಎಂದೆ. "ಅಷ್ಟ್ರಲ್ಲಿ ಪೇಪರ್ ಬಂದ್ಬಿಡತ್ತೆ, ನಾನೇ ಬರ್ತೀನಿ."

"ತಡ ಮಾಡ್ಬೇಡಿ ಅಂದಿದಾರಲ್ಲೇ ಡಾಕ್ಟ್ರು."

"ಗಡ್ಡೆನೇ ಇಲ್ಲ ಅಂತೀಯ. ಒಂದು ತಿಂಗ್ಳಿಗೆ ಏನಾಗತ್ತೆ?"

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಕತ್ತರಿಗೆ ಹೆದರಿದ್ದವಳು. "ನೀನಿದ್ರೆ ನಂಗೂ ಧೈರ್ಯ" ಎಂದಳು.

ಶ್ರಾವಣದಲ್ಲಿ ಇಮಿಗ್ರೇಷನ್ನಿನವರು ಇನ್ನಷ್ಟು ದಾಖಲೆ ಕೇಳಿದರು. ಗೌರಿ ಹಬ್ಬ ಆಯಿತು, ನವರಾತ್ರಿ ಆಯಿತು. ಇನ್ನು ಹದಿನೈದು ದಿನ ನೋಡಕ್ಕ ಎಂದು ಎಷ್ಟು ಸಲ ಅಂದೆನೋ.

"ನೀನು ಹೋಗೋದು ಬೇರೆ, ಅವರ ಆಪರೇಷನ್ ಬೇರೆ. ಮಾಡಿಸ್ಕೊಳ್ಳಿ ಅನ್ನು" ಎಂದರು ನನ್ನ ಗಂಡ ಒಂದು ದಿನ.

"ಎಚ್ಚರ ಆದಾಗ ಪಕ್ಕದಲ್ಲಿ ಯಾರಿರ್ತಾರ್ರೀ? ಭಾವನಿಗೆ ಒಂದು ಗಂಜಿ ಮಾಡಕ್ಕೆ ಬರಲ್ಲ" ಎಂದು ಸಿಡುಕಿದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಅಕ್ಕನ ಪಕ್ಕ ನಾನೇ ಇರಬೇಕು ಎಂಬುದು ಪ್ರೀತಿಯೆಂದೇ ತಿಳಿದಿದ್ದೆ. ಈಗಲೂ ಅದಕ್ಕೆ ಬೇರೆ ಹೆಸರು ಗೊತ್ತಿಲ್ಲ.

ದೀಪಾವಳಿಯಾದ ಮೇಲೆ ಬೆನ್ನುನೋವು ಎಂದಳು. ನೀರಿನ ಕೊಡ ಎತ್ತಿದ್ದಕ್ಕೆ ಇರಬೇಕು ಎಂದಳು. ಕಂಕುಳಲ್ಲೂ ಏನೋ ಕೈಗೆ ಸಿಗುತ್ತಿದೆ ಎಂದಾಗ ನಾನೇ ಅವಸರ ಮಾಡಿ ಕಳಿಸಿದೆ. ಸ್ಕ್ಯಾನಿನ ರಿಪೋರ್ಟ್ ಬಂದ ದಿನ ಇಲ್ಲಿ ಹಿಮ ಬಿದ್ದಿತ್ತು. ನನ್ನ ಗಂಡ ಹೊರಗೆ ಕಾರಿನ ಗಾಜು ಕೆರೆಯುತ್ತಿದ್ದರು. ನಾನು ಅಡುಗೆಮನೆಯಲ್ಲಿ ಫೋನ್ ಹಿಡಿದು ಕುಳಿತಿದ್ದೆ.

"ಮೂಳೆಗೆ ಹೋಗಿದೆ, ಲಿವರಿಗೂ ಹೋಗಿದೆ" ಎಂದರು ಡಾಕ್ಟರು. "ಈಗ ಆಪರೇಷನ್ ಮಾಡಿ ಏನೂ ಉಪಯೋಗ ಇಲ್ಲಮ್ಮ. ಆವತ್ತು ಡೇಟ್ ಕೊಟ್ಟಿದ್ದೆ. ಯಾಕೆ ಬರ್ಲಿಲ್ಲ?"

"ಹಬ್ಬ ಇತ್ತು ಡಾಕ್ಟ್ರೇ" ಎಂದಳು ಅಕ್ಕ.

ಕಾಗದ ಮಡಿಸುವ ಸದ್ದು ಕೇಳಿಸಿತು. ಆಮೇಲೆ ಡಾಕ್ಟರ ದನಿ ಹತ್ತಿರ ಬಂತು. "ಲೈನಲ್ಲಿದೀರಲ್ಲ, ಅಮೆರಿಕದಲ್ಲಿರೋರು, ಓದಿದೋರು. ನೀವಾದ್ರೂ ಹೇಳ್ಬಾರ್ದಿತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಅವಳು ಬಡ್ಕೊಂಡ್ಲು ಡಾಕ್ಟ್ರೇ. ನಾನೇ ಕೇಳ್ಲಿಲ್ಲ" ಎಂದಳು.

"ಹೌದಾಮ್ಮಾ?" ಎಂದು ಡಾಕ್ಟರು ನನ್ನನ್ನು ಕೇಳಿದರು.

ನಾನು ಹೂಂ ಎಂದೆ.