ದಾಕು ಹಾಕಿದ ತೋಳು

ನನ್ನ ಅಮ್ಮನ ಎಡತೋಳಿನ ಮೇಲ್ಭಾಗದಲ್ಲಿ ಎರಡು ಗುರುತುಗಳಿವೆ. ಹಳೆಯ ನಾಲ್ಕಾಣೆಯಷ್ಟು ದುಂಡಗೆ, ನಡುವೆ ಕೊಂಚ ತಗ್ಗಾಗಿ, ಸುಕ್ಕುಗಟ್ಟಿದ ಚರ್ಮ. ಚಿಕ್ಕವನಿದ್ದಾಗ ಅಮ್ಮನ ಪಕ್ಕ ಮಲಗಿ ಅದರ ಮೇಲೆ ಬೆರಳಿಟ್ಟು ಒತ್ತುವುದು ನನಗೊಂದು ಚಟ. ಒತ್ತಿದರೆ ಎಲ್ಲೋ ಗಂಟೆ ಬಾರಿಸುತ್ತದೆ ಎಂದು ನಂಬಿದ್ದೆ. ನನ್ನ ಎಲ್ಲ ಚೇಷ್ಟೆಗಳನ್ನೂ ಸಹಿಸಿಕೊಳ್ಳುತ್ತಿದ್ದ ಅಮ್ಮ ಇದೊಂದಕ್ಕೆ ಮಾತ್ರ ತೋಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಏನಮ್ಮ ಇದು ಎಂದರೆ "ದಾಕು" ಎನ್ನುತ್ತಿದ್ದಳು. ಸಿಡುಬು ಬರದಿರಲಿ ಎಂದು ಹಾಕುತ್ತಿದ್ದ ಮದ್ದಿಗೆ ನಮ್ಮ ತುಮಕೂರು ಕಡೆಯ ಹಳಬರು ಹೇಳುತ್ತಿದ್ದ ಹೆಸರು ಅದು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಅವಳಿಗೆ ಇನ್ನೊಂದು ವಿಚಿತ್ರವಿತ್ತು. ಅಳುವ ಮಗುವಿನ ಬಾಯಿಗೆ ಬೆಲ್ಲ ಇಟ್ಟು ಸುಮ್ಮನಾಗಿಸುವುದನ್ನು ಅವಳು ಸಹಿಸುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಯಾರಾದರೂ ಹಾಗೆ ಮಾಡಿದರೆ ಎದ್ದು ಆಚೆ ಹೋಗಿಬಿಡುತ್ತಿದ್ದಳು. ಮಂಡಿ ತರಚಿಕೊಂಡು ಬಂದಾಗ ಪಕ್ಕದ ಮನೆಯ ಹುಡುಗರಿಗೆಲ್ಲ ಒಂದು ಚೂರು ಬೆಲ್ಲ ಸಿಗುತ್ತಿತ್ತು. ನನಗೆ ಸಿಗುತ್ತಿದ್ದದ್ದು "ಅಳು, ಅತ್ತು ಮುಗಿಸು" ಎಂಬ ಅಪ್ಪಣೆ. ಹಲ್ಲು ಹುಳುಕಾಗದಿರಲಿ ಅಂತಿರಬೇಕು ಎಂದುಕೊಂಡೇ ದೊಡ್ಡವನಾದೆ.

ಈಗ ನಾನು ದಿಲ್ಲಿಯಲ್ಲಿ, ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸೆಕ್ಷನ್ ಆಫೀಸರ್. ಹೆಂಡತಿ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾಳೆ. ಲೋಧಿ ಕಾಲೋನಿಯ ಹಳೆಯ ಸರ್ಕಾರಿ ಫ್ಲ್ಯಾಟಿನಲ್ಲಿ ನಮ್ಮ ವಾಸ. ಮದುವೆಯಾಗಿ ಬಹಳ ವರ್ಷಗಳ ಮೇಲೆ, ಇನ್ನು ಇಲ್ಲವೇನೋ ಎಂದುಕೊಂಡ ಮೇಲೆ, ಮಗಳು ಹುಟ್ಟಿದಳು. ತಡವಾಗಿ ತಂದೆಯಾದವನ ಕಥೆ ಗೊತ್ತಲ್ಲ, ಮಗು ಸೀನಿದರೆ ಇವನಿಗೆ ನೆಗಡಿ.

ಮೊದಮೊದಲು ಲಸಿಕೆಗಳನ್ನೆಲ್ಲ ತಪ್ಪದೆ ಹಾಕಿಸಿದೆವು. ಒಂದನ್ನು ಮಾತ್ರ ಊರಿಗೆ ಹೋಗಿಬರುವ ಗಲಾಟೆಯಲ್ಲಿ ತಡಮಾಡಿ ಆರು ತಿಂಗಳು ದಾಟಿದ ಮೇಲೆ ಹಾಕಿಸಿದೆವು. ಅಂದು ಸಂಜೆ ಜ್ವರ ಏರಿತು. ಹೆಂಡತಿಯ ತೊಡೆಯ ಮೇಲಿದ್ದ ಮಗು ಇದ್ದಕ್ಕಿದ್ದಂತೆ ಸೆಟೆದುಕೊಂಡಿತು. ಕಣ್ಣು ಮೇಲೆ ಹೋಯಿತು, ಕೈಕಾಲು ಅದುರಿದವು. ನಾವು ಚೀರುತ್ತ ಆಟೊ ಹತ್ತಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳು ಏನೂ ಆಗದವಳ ಹಾಗೆ ಆಟೊ ಭಯ್ಯಾ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯನ್ನು ನೋಡುತ್ತಿದ್ದಳು. ಜ್ವರಕ್ಕೆ ಬರುವ ಫಿಟ್ಸ್ ಇದು, ನೋಡುವವರಿಗೆ ಭಯ, ಮಗುವಿಗೆ ತೊಂದರೆಯಿಲ್ಲ, ಮುಂದಿನ ಲಸಿಕೆಗಳನ್ನು ನಿಲ್ಲಿಸಬೇಡಿ ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಹೆಂಡತಿ ಒಂದೇ ಮಾತು ಹೇಳಿದಳು. "ಅವಳ ಕಣ್ಣು ಮೇಲೆ ಹೋಗಿದ್ದನ್ನ ನೋಡಿದ್ದು ಡಾಕ್ಟರಲ್ಲ, ನಾನು."

ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಬರುತ್ತದೆ. ಒಂಬತ್ತು ತುಂಬಿತು, ಹತ್ತು ತುಂಬಿತು. ನಾವು ಬೇಡ ಎಂದು ತೀರ್ಮಾನಿಸಲಿಲ್ಲ, ಹಾಕಿಸಲೂ ಇಲ್ಲ. ಇದರಲ್ಲಿ ನಾನು ಪಳಗಿದ ಕೈ. ನಮ್ಮ ಆಫೀಸಿನಲ್ಲಿ ಯಾವ ಕಡತಕ್ಕೂ ಯಾರೂ ಇಲ್ಲ ಎನ್ನುವುದಿಲ್ಲ, ಪರಿಶೀಲನೆಯಲ್ಲಿದೆ ಎನ್ನುತ್ತೇವೆ. ಎಷ್ಟೋ ಕಡತಗಳು ಪರಿಶೀಲನೆಯಲ್ಲೇ ಮುದಿಯಾಗಿ ಸತ್ತಿವೆ. ಮಗಳ ಲಸಿಕೆಯೂ ಹಾಗೆ ನಮ್ಮ ಊಟದ ಮೇಜಿನ ಮೇಲೆ ಪರಿಶೀಲನೆಯಲ್ಲಿತ್ತು. ಈ ವಾರ ನೆಗಡಿ, ಬರುವ ವಾರ ಹಲ್ಲು ಹುಟ್ಟುತ್ತಿದೆ, ಅದರ ಮುಂದಿನ ವಾರ ನನಗೆ ಸಂಸತ್ತಿನ ಪ್ರಶ್ನೆಗಳ ಕೆಲಸ.

ಕಾಲೋನಿಯ ಮಕ್ಕಳ ಲಸಿಕೆಯ ಲೆಕ್ಕ ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಾಳೆ. ಎಲ್ಲರೂ ಅವಳನ್ನು ದೀದಿ ಎನ್ನುತ್ತಾರೆ. ಅವಳು ಬಾಗಿಲಿಗೆ ಬಂದು ಕೇಳಿದಾಗ ಹೆಂಡತಿ ನನ್ನ ಮುಖ ನೋಡಿದಳು. ಆಮೇಲೆ, ನಮ್ಮ ಅತ್ತೆ ಹಳೇ ಕಾಲದವರು, ಒಪ್ಪುತ್ತಿಲ್ಲ ಎಂದು ಹಿಂದಿಯಲ್ಲಿ ಹೇಳಿದಳು. ನಾನು ತಲೆಯಾಡಿಸಿದೆ. ತುಮಕೂರಿನ ನಮ್ಮಣ್ಣನ ಮನೆಯಲ್ಲಿ ಹೂವಿನ ಗಿಡಕ್ಕೆ ನೀರು ಹಾಕಿಕೊಂಡಿದ್ದ ನಮ್ಮಮ್ಮನಿಗೆ ಇದರ ಗಂಧಗಾಳಿಯೂ ಇರಲಿಲ್ಲ. ದೀದಿ ನಿಟ್ಟುಸಿರು ಬಿಟ್ಟು ಹೋದಳು.

ಹೋಳಿ ಮುಗಿದ ಹೊಸದರಲ್ಲಿ ಅಮ್ಮ ನಮ್ಮಲ್ಲಿಗೆ ಬಂದಳು. ಎಪ್ಪತ್ತು ದಾಟಿದ್ದರೂ ಬೆಳಿಗ್ಗೆ ಒಂದು ಸುತ್ತು ನಡೆಯಲೇಬೇಕು. ನಮ್ಮ ಬೀದಿಯ ತಿರುವಿನಲ್ಲಿ ಬೇವಿನ ಮರದ ಕೆಳಗೆ ಇಸ್ತ್ರಿ ಮಾಡುವವನೊಬ್ಬನ ಮೇಜಿದೆ, ಅದರ ಹಿಂದೆಯೇ ಅವನ ಸಂಸಾರದ ಒಂದು ಕೋಣೆ. ಅವನ ಹೆಂಡತಿಯೆಂದರೆ ನಮ್ಮ ಮಗಳಿಗೆ ಪ್ರಾಣ. ದಿನಾ ಸಂಜೆ ಅವಳ ಕಂಕುಳಲ್ಲಿ ಕೂತು ಇಸ್ತ್ರಿಪೆಟ್ಟಿಗೆಯ ಹೊಗೆ ನೋಡಲೇಬೇಕು. ಒಂದು ದಿನ ಬೆಳಿಗ್ಗೆ ಅಮ್ಮ ತಿರುಗಾಟ ಅರ್ಧಕ್ಕೇ ಬಿಟ್ಟು ಮನೆಗೆ ಬಂದಳು.

"ಆ ಇಸ್ತ್ರಿಯೋರ ಮನೇಲಿ ಅಮ್ಮ ಬಂದಿದಾಳೆ ಕಣೋ" ಎಂದಳು. "ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಾರೆ."

ಮೈಮೇಲೆ ಗುಳ್ಳೆ ಏಳುವ ಬೇನೆಗೆಲ್ಲ ನಮ್ಮ ಕಡೆ ಅಮ್ಮ ಎನ್ನುತ್ತಾರೆ, ಇಲ್ಲಿಯವರು ಮಾತಾ ಎನ್ನುತ್ತಾರೆ. ದಿಲ್ಲಿಯ ಒಂದು ಬೋರ್ಡನ್ನೂ ಓದಲಾರದ ನಮ್ಮಮ್ಮ ಆ ಬಾಗಿಲನ್ನು ಮಾತ್ರ ಸಲೀಸಾಗಿ ಓದಿಕೊಂಡು ಬಂದಿದ್ದಳು. ನಾನು ಹೋಗಿ ವಿಚಾರಿಸಿದೆ. ಅವರ ಚಿಕ್ಕ ಮಗನಿಗೆ ದಡಾರ. ನಮ್ಮ ಮಗಳು ಹಿಂದಿನ ಸಂಜೆಯೂ ಆ ತಾಯಿಯ ಕಂಕುಳಲ್ಲೇ ಇದ್ದಳು.

ಮಧ್ಯಾಹ್ನ ದೀದಿ ಬಂದಳು. ಬೀದಿಯಲ್ಲಿ ದಡಾರ ಕಾಣಿಸಿದ್ದರಿಂದ ಲಸಿಕೆ ಹಾಕಿಸದ ಮನೆಗಳಿಗೆಲ್ಲ ಹೋಗುತ್ತಿದ್ದಳಂತೆ. ಒಳಗೆ ಬಂದವಳೇ ನಮ್ಮನ್ನು ದಾಟಿ ನೇರ ಅಮ್ಮನ ಮುಂದೆ ನೆಲದ ಮೇಲೆ ಕೂತು ಕೈಮುಗಿದಳು. "ಮಾತಾಜಿ, ಮಾನ್ ಜಾಯಿಯೇ. ಬಚ್ಚೀ ಕೋ ಟೀಕಾ ಲಗ್ವಾನೇ ದೀಜಿಯೇ." ಒಪ್ಪಿಕೊಳ್ಳಿ, ಮಗುವಿಗೆ ಲಸಿಕೆ ಹಾಕಿಸಲು ಬಿಡಿ ಎಂದು ಅಂಗಲಾಚಿದಳು.

ಅಮ್ಮನಿಗೆ ಬರುವ ಹಿಂದಿ ಒಂದೇ ಮಾತು. "ಅಚ್ಛಾ" ಎಂದಳು. ದೀದಿ ಇನ್ನಷ್ಟು ಬೇಡಿಕೊಂಡಳು. ಅಮ್ಮ ಮತ್ತೆ "ಅಚ್ಛಾ, ಅಚ್ಛಾ" ಎಂದಳು. ಇಷ್ಟು ಸುಲಭಕ್ಕೆ ಮುದುಕಿ ಒಪ್ಪಿದ್ದು ನೋಡಿ ದೀದಿಗೆ ಹಿಗ್ಗು. ನಾಳೆ ಬೆಳಿಗ್ಗೆ ಡಿಸ್ಪೆನ್ಸರಿಗೆ ಬನ್ನಿ ಎಂದು ಹೇಳಿ ಹೋದಳು.

"ಏನಂತೆ ಆಯಮ್ಮಂಗೆ? ನನಗ್ಯಾಕೆ ಕೈಮುಗಿದ್ಲು?" ಎಂದಳು ಅಮ್ಮ.

ಸುಳ್ಳಿನ ಮೇಲೆ ಸುಳ್ಳು ಪೋಣಿಸಲು ಇಬ್ಬರಿಗೂ ಶಕ್ತಿಯಿರಲಿಲ್ಲ. ಹೆಂಡತಿಯೇ ಎಲ್ಲ ಹೇಳಿದಳು. ಫಿಟ್ಸ್ ಬಂದದ್ದು, ಹೆದರಿದ್ದು, ಅತ್ತೆಯ ಹೆಸರು ಹೇಳಿ ತಪ್ಪಿಸಿಕೊಂಡದ್ದು. ಅಮ್ಮ ಕೂಗಾಡುತ್ತಾಳೆ ಎಂದು ನಾನು ಕಾದೆ. ಮಗಳು ತೆವಳಿಕೊಂಡು ಬಂದು ಅವಳ ಸೆರಗು ಹಿಡಿದು ನಿಂತಳು.

"ನನಗೆ ಒಬ್ಬಳು ತಂಗಿ ಇದ್ಲು" ಎಂದಳು ಅಮ್ಮ.

ಅಮ್ಮನಿಗೆ ಇಬ್ಬರು ತಮ್ಮಂದಿರು, ನನಗೆ ಗೊತ್ತಿದ್ದದ್ದು ಅಷ್ಟೇ. ನಲವತ್ತು ದಾಟಿದ ಮೇಲೆ, ದಿಲ್ಲಿಯ ಒಂದು ಮಧ್ಯಾಹ್ನ, ನನಗೊಬ್ಬಳು ಚಿಕ್ಕಮ್ಮ ಹುಟ್ಟಿದಳು.

"ನನಗಾಗ ಏಳು ವರ್ಷ ಇರ್ಬೇಕು. ಅವಳಿಗೆ ಮೂರೋ ನಾಕೋ. ಗುಂಗುರು ಕೂದ್ಲು, ಗೊಂಬೆ ಇದ್ದಂಗಿದ್ಲು. ನಮ್ಮಮ್ಮನಿಗೆ ಅವಳು ಅಂದ್ರೆ ಜೀವ. ನಾನು ಕಪ್ಪು, ಮೇಲಾಗಿ ಹಟಮಾರಿ. ದಾಕು ಹಾಕಿದ್ರೆ ತೋಳು ಊದೋದು, ಕೀವಾಗೋದು, ಮಕ್ಕಳು ಜ್ವರ ಬಂದು ನರಳೋರು. ದಾಕಿನೋರು ಬೀದಿಗೆ ಬಂದ್ರು ಅಂತಿದ್ದಂಗೆ ನಮ್ಮಮ್ಮ ಅವಳನ್ನ ಒಳಗಡೆ ರಾಗಿ ತುಂಬಿಡೋ ದೊಡ್ಡ ವಾಡೆ ಹಿಂದೆ ಕೂರಿಸಿಬಿಟ್ಲು. ಮನೇಲಿರೋದು ಇವಳೊಬ್ಬಳೇ ಅಂತ ನನ್ನ ಮುಂದಕ್ಕೆ ತಳ್ಳಿದ್ಲು."

ಅಮ್ಮ ತಾನಾಗಿಯೇ ಸೆರಗು ಸರಿಸಿ ತೋಳು ತೋರಿಸಿದಳು. ಅವಳು ಹಾಗೆ ತೋರಿಸಿದ್ದು ನಾನು ಕಂಡಂತೆ ಅದೇ ಮೊದಲು.

"ಮುಂದಿನ ಬೇಸಿಗೇಲಿ ಊರಲ್ಲಿ ಸಿಡುಬು ಎದ್ದಿತು. ಅವಳಿಗೆ ಮೈತುಂಬ, ಕಣ್ಣಿನ ರೆಪ್ಪೆ ಮೇಲೂ. ಬೇವಿನ ಸೊಪ್ಪು ಹಾಸಿ ಮಲಗಿಸಿದ್ರು. ಅವಳು ನನ್ನ ಕೈ ಬಿಡ್ತಿರ್ಲಿಲ್ಲ, ಅದಕ್ಕೆ ನಾನೂ ಅದೇ ಚಾಪೇಲಿ ಮಲಗ್ತಿದ್ದೆ. ಅವಳು ಕುಡಿದು ಬಿಟ್ಟ ಗಂಜೀನ ನಾನೇ ಕುಡೀತಿದ್ದೆ. ಅವಳು ಹೋಗೋವರೆಗೂ ಜೊತೇಲೇ ಇದ್ದೆ. ನನಗೆ ಒಂದೇ ಒಂದು ಗುಳ್ಳೆ ಏಳ್ಲಿಲ್ಲ ಕಣೋ." ಮೊಮ್ಮಗಳ ತಲೆ ಸವರಿದಳು. "ದೇವೀಗೂ ಅವಳೇ ಬೇಕಾಗಿತ್ತು, ನಾನು ಬೇಡವಾದೆ ಅಂದ್ಕೊಂಡಿದ್ದೆ. ಬಹಳ ವರ್ಷ ಹಂಗೇ ಅಂದ್ಕೊಂಡಿದ್ದೆ."

ಅಮ್ಮನ ಮುಖ ನೋಡಲಾಗದೆ ಅವಳ ತೋಳನ್ನೇ ನೋಡುತ್ತ ಕೂತೆ. ಊರಿಗೆ ಊರನ್ನೇ ಮಲಗಿಸಿದ ಬೇನೆ ಆ ಚಾಪೆಯ ಮೇಲೆ ಒಬ್ಬ ಏಳೆಂಟು ವರ್ಷದ ಹುಡುಗಿಯ ಪಕ್ಕ ಮಲಗಿ, ಅವಳ ಗಂಜಿಯಲ್ಲಿ ಬೆರೆತು, ಅವಳ ಬೆರಳುಗಳ ನಡುವೆ ಓಡಾಡಿ, ಈ ಎರಡು ಗುರುತುಗಳನ್ನು ದಾಟಲಾರದೆ ಹಿಂದಿರುಗಿತ್ತು. ನಾನು ಗಂಟೆಯ ಗುಂಡಿ ಎಂದುಕೊಂಡು ಒತ್ತುತ್ತಿದ್ದದ್ದು ಇದನ್ನು. ಅಂದು ಈ ತೋಳು ಸೋತಿದ್ದರೆ ಕೇಂದ್ರ ಸರ್ಕಾರಕ್ಕೆ ಒಬ್ಬ ಸೆಕ್ಷನ್ ಆಫೀಸರ್ ಕಡಿಮೆಯಾಗುತ್ತಿದ್ದ, ಅದೇನು ದೊಡ್ಡ ನಷ್ಟವಲ್ಲ. ಆದರೆ ಸೆರಗು ಹಿಡಿದು ನಿಂತು ಜೊಲ್ಲು ಸುರಿಸುತ್ತಿದ್ದ ಇವಳೂ ಇರುತ್ತಿರಲಿಲ್ಲ.

ಇನ್ನೂ ಬೆರಗಾದದ್ದು ಮತ್ತೊಂದಕ್ಕೆ. ನನ್ನ ತೋಳಿನಲ್ಲಿ ಆ ಗುರುತಿಲ್ಲ. ಬೇರೊಂದು ಲಸಿಕೆಯ ಚಿಕ್ಕ ಕಲೆಯಿದೆ, ಸಿಡುಬಿನದು ಇಲ್ಲ. ನಾನು ಹುಟ್ಟುವ ಹೊತ್ತಿಗೆ ಅದು ಬೇಕಾಗಿರಲಿಲ್ಲ. ಬೇವಿನ ಸೊಪ್ಪಿಗೂ ಮೊಸರನ್ನದ ಎಡೆಗೂ ಜಗ್ಗದೆ ಮನೆಮನೆಯಿಂದ ಮಕ್ಕಳನ್ನು ಎತ್ತಿಕೊಂಡು ಹೋದ ಆ ಬೇನೆ ಈಗ ಭೂಮಿಯ ಮೇಲೆ ಯಾವ ಊರಿನಲ್ಲೂ ಇಲ್ಲ. ಊದಿಕೊಂಡು, ಕೀವಾಗಿ, ನರಳಿದ ಮಕ್ಕಳ ತೋಳುಗಳೇ ಸಾಲಾಗಿ ನಿಂತು ಅದನ್ನು ಆಚೆಗೆ ಅಟ್ಟಿದವು. ಆ ಸಾಲಿನಲ್ಲಿ ನಮ್ಮಮ್ಮನೂ ನಿಂತಿದ್ದಳು, ಅವಳನ್ನು ಮುಂದಕ್ಕೆ ತಳ್ಳಿದ್ದು ಪ್ರೀತಿ ಕಡಿಮೆಯಿದ್ದ ಕೈ.

ಹೆಂಡತಿ ಅಳುತ್ತಿದ್ದಳು. "ಮತ್ತೆ ಫಿಟ್ಸ್ ಬಂದ್ರೆ ಅತ್ತೆ?"

"ಬಂದ್ರೆ ಇಬ್ಬರೂ ಹಿಡ್ಕೊಂಡು ಕೂರೋಣ ಕಣಮ್ಮ. ಭಯ ಇಲ್ಲ ಅಂತ ನಾನೂ ಹೇಳಲ್ಲ." ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. "ನಮ್ಮಮ್ಮ ಕೆಟ್ಟೋಳಲ್ಲ. ಪ್ರೀತಿಗೇ ಬಚ್ಚಿಟ್ಟಿದ್ದು ಅವಳು."

ಹೆಂಡತಿ ಕಣ್ಣೊರೆಸಿಕೊಂಡು ಡಾಕ್ಟರಿಗೆ ಫೋನ್ ಮಾಡಿದಳು. ದಡಾರದ ಮನೆಯವರ ಕಂಕುಳಲ್ಲಿದ್ದಳು ಎಂದಾಗ ಅವರು, ಹಾಗಾದರೆ ನಾಳೆಯೇ ಹಾಕಿಸಿ, ಇದರ ಜ್ವರ ಬಂದರೆ ಒಂದು ವಾರದ ಮೇಲೆ ಬರಬಹುದು, ಬಂದ ಕೂಡಲೇ ಔಷಧಿ ಕೊಡಿ ಎಂದರು. ಪರಿಶೀಲನೆ ಅಲ್ಲಿಗೆ ಮುಗಿಯಿತು.

ಓದುವವರು ಉಸಿರು ಬಿಗಿಹಿಡಿದು ಕೂರುವುದು ಬೇಡ, ಆಮೇಲಿನದನ್ನು ಈಗಲೇ ಹೇಳಿಬಿಡುತ್ತೇನೆ. ಒಂದು ವಾರದ ಮೇಲೆ ಜ್ವರ ಬಂತು. ಹೆಂಡತಿ, ಅಮ್ಮ, ನಾನು ಮೂವರೂ ಮಗುವಿನ ಸುತ್ತ ಕಾವಲು ಕೂತೆವು. ಜ್ವರ ಇಳಿಯಿತು, ಫಿಟ್ಸ್ ಬರಲಿಲ್ಲ, ದಡಾರವೂ ಬರಲಿಲ್ಲ. ಇಸ್ತ್ರಿಯವರ ಮಗನೂ ಸೊರಗಿ ಸೊರಗಿ ಚೇತರಿಸಿಕೊಂಡ. ಆದರೆ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಲಸಿಕೆ ಹಾಕಿಸಿದ ಆ ಬೆಳಿಗ್ಗೆ.

ಡಿಸ್ಪೆನ್ಸರಿಯಲ್ಲಿ ತಾಯಂದಿರ ದೊಡ್ಡ ಸಾಲೇ ಇತ್ತು. ಕಾರಿನಲ್ಲಿ ಬಂದವರು, ಕಟ್ಟಡದ ಕೆಲಸದಿಂದ ನೇರ ಬಂದವರು, ಎಲ್ಲರ ಮುಖದಲ್ಲೂ ಒಂದೇ ಭಯ. ನರ್ಸು ನೀಲಿ ಡಬ್ಬ ತೆರೆದು ಮಂಜುಗಡ್ಡೆಯ ನಡುವಿನಿಂದ ಬೆರಳ ತುದಿಯಷ್ಟು ಸೀಸೆ ತೆಗೆದಳು. ಇಷ್ಟೇ ಇಷ್ಟು ಎಂದು ನಾನು ಬಾಯಿಬಿಟ್ಟು ನೋಡಿದೆ. ಮಗುವನ್ನು ತಾನೇ ಹಿಡಿದುಕೊಳ್ಳುತ್ತೇನೆ ಎಂದಳು ಅಮ್ಮ. ಸ್ಟೂಲಿನ ಮೇಲೆ ಕೂತು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಪುಟ್ಟ ತೋಳನ್ನು ತಾನೇ ಮುಂದಕ್ಕೆ ಚಾಚಿ ಹಿಡಿದಳು.

ಸೂಜಿ ಹೋಯಿತು. ಒಂದು ಗಳಿಗೆ ಮಗಳು ನಂಬಲಾರದವಳಂತೆ ನಮ್ಮನ್ನೆಲ್ಲ ನೋಡಿದಳು. ಆಮೇಲೆ ಸೂರು ಹಾರಿಹೋಗುವಂತೆ ಅತ್ತಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಕನಿಕರದಿಂದ ದುಪಟ್ಟಾದ ಗಂಟು ಬಿಚ್ಚಿ ಒಂದು ಚೂರು ಬೆಲ್ಲ ಮುರಿದು ಮಗುವಿನ ಬಾಯಿಯ ಹತ್ತಿರ ತಂದಳು. "ಗುಡ್ ಖಿಲಾ ದೋ, ಚುಪ್ ಹೋ ಜಾಯೇಗೀ." ಬೆಲ್ಲ ತಿನ್ನಿಸಿದರೆ ಸುಮ್ಮನಾಗುತ್ತಾಳೆ ಎನ್ನುತ್ತಿದ್ದಳು.

ಅಮ್ಮ ಅಂಗೈ ಅಡ್ಡ ಹಿಡಿದಳು. "ಬೇಡಮ್ಮ" ಎಂದಳು ಕನ್ನಡದಲ್ಲೇ. ಆ ಹೆಂಗಸು ಅರ್ಥವಾಗದೆ ನನ್ನ ಕಡೆ ನೋಡಿದಳು. ಅಮ್ಮನೂ ನನ್ನ ಕಡೆ ತಿರುಗಿದಳು.

"ಅವಳ ಬಾಯಿಗೆ ಬೆಲ್ಲ ಇಟ್ಟು ಕೂರಿಸಿದ್ಲು ನಮ್ಮಮ್ಮ, ಆ ವಾಡೆ ಹಿಂದೆ" ಎಂದಳು. "ದಾಕಿನೋರು ಹೋಗೋವರೆಗೂ ಒಂದು ಸದ್ದು ಮಾಡ್ಲಿಲ್ಲ ಕಣೋ ಅವಳು."

ಮಗಳು ಇನ್ನೂ ಅಳುತ್ತಿದ್ದಳು. ಮುಖ ಕೆಂಪಾಗಿ, ಬಾಯಿ ಅಗಲವಾಗಿ, ಬೀದಿಯ ತುದಿಯವರೆಗೂ ಕೇಳುವಂತೆ ಅಳುತ್ತಿದ್ದಳು. ಅಮ್ಮ ಅವಳನ್ನು ಎದೆಗೆ ಒತ್ತಿಕೊಂಡು, ಸುಮ್ಮನಾಗಿಸದೆ, ಕಣ್ಣು ಮುಚ್ಚಿ ಆ ಅಳುವನ್ನು ಕೇಳುತ್ತ ಕೂತಿದ್ದಳು.