ಹಿಮದ ಬೀದಿಗೆ ಹಾಸಿದ ಗೋಣಿ

ಬೂತಾಯಿ ಮೀನಿನ ಹೊಟ್ಟೆ ಸೀಳಿ ಕಲ್ಲುಪ್ಪು ಹಾಕಿ ಉಜ್ಜುತ್ತಿದ್ದೆ. ಆಗ ಇವರ ಫೋನು ಬಂತು. ಮಗಳು ಅದನ್ನು ನನ್ನ ಕಿವಿಗೆ ಹಿಡಿದಳು.

ನಾವಿರುವುದು ಕೊಲ್ಲಿ ದೇಶದ ಅಲ್ ನಹ್ದಾದಲ್ಲಿ. ಹೊರಗೆ ಬಿಸಿಲು ಉರಿಯುವಾಗ ನನ್ನ ಗಂಡ ಸ್ವೆಟರಿನ ಮೇಲೆ ಜಾಕೆಟ್ ಹಾಕಿ ಹಿಮ ಗುಡಿಸುತ್ತಾರೆ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಒಂದು ಮಾಲ್‌ನೊಳಗೆ ಹಿಮದ ಪಾರ್ಕ್ ಉಂಟು. ಅಲ್ಲಿ ಅಂಗಡಿ, ದೀಪದ ಕಂಬ, ಫುಟ್‌ಪಾತ್ ಎಲ್ಲ ಇರುವ ಪುಟ್ಟ ಪೇಟೆಬೀದಿ. ಹಿಮವನ್ನು ಬದಿಗೆ ತಳ್ಳಿ, ಕಟ್ಟಿದ ಐಸ್ ಕೆರೆದು, ಜನ ಜಾರದ ಹಾಗೆ ನೋಡಿಕೊಳ್ಳುವುದು ಇವರ ಕೆಲಸ. ಹನ್ನೊಂದು ವರ್ಷ ಸಲಿಕೆ ಹಿಡಿದವರನ್ನು ಮೂರು ತಿಂಗಳ ಮಟ್ಟಿಗೆ ಸೂಪರ್‌ವೈಸರ್ ಮಾಡಿ ನೋಡುತ್ತಿದ್ದರು. ಅಂದು ಕೊನೆಯ ದಿನ.

“ಪೈಪ್ ಸೋರಿ ಫುಟ್‌ಪಾತ್ ಇಡೀ ಕನ್ನಡಿಯ ಹಾಗೆ ಆಗಿದೆ ಮಾರಾಯ್ತಿ. ಹನ್ನೊಂದು ಗಂಟೆಗೆ ಶಾಲೆಯ ಮಕ್ಕಳು ಬರುತ್ತಾರೆ. ಅಷ್ಟರಲ್ಲಿ ಕೆರೆದು ಮುಗಿಯುವುದಿಲ್ಲ. ರಬ್ಬರ್ ಚಾಪೆ ತೊಳೆಯಲು ಹೋಗಿದೆ. ಬೀದಿ ತೆರೆಯದಿದ್ದರೆ ನನ್ನನ್ನು ಪುನಃ ಸಲಿಕೆಗೇ ಹಾಕುತ್ತಾರೆ.”

“ಕಲ್ಲುಪ್ಪು ಹಾಕಿ,” ಎಂದೆ. ಕೈಯಲ್ಲಿ ಅದೇ ಇತ್ತಲ್ಲ.

“ಉಪ್ಪು ಹಾಕಲಿಕ್ಕೆ ಇದೇನು ನಿನ್ನ ಬೂತಾಯಿಯಾ? ಕೆಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ ಅಂತ ಇಲ್ಲಿ ಬಿಡುವುದಿಲ್ಲ. ಗೋಣಿ ಉಂಟಾ, ಹೇಳು.”

ಉಂಟಾ ಅಂತೆ! ಬಾಸ್ಮತಿ ಅಕ್ಕಿ ಬಂದ ಒಂದು ಗೋಣಿಯನ್ನೂ ನಾನು ಬಿಸಾಡಿದವಳಲ್ಲ. ಊರಲ್ಲಿ ಪಾಚಿ ಹಿಡಿದ ಬಾವಿಕಟ್ಟೆಗೆ ನನ್ನ ಉಮ್ಮ ಗೋಣಿ ಹಾಸುತ್ತಿದ್ದರು. ಆ ಅಭ್ಯಾಸ ನನಗೂ ಬಂದಿದೆ. ಬಾಲ್ಕನಿಯಲ್ಲಿದ್ದ ಕಟ್ಟು ನೋಡಿ “ಇಲ್ಲಿ ಯಾವ ಬಾವಿ ಉಂಟು ನಿನಗೆ?” ಎಂದು ಇವರೇ ಎಷ್ಟು ಸಲ ತಮಾಷೆ ಮಾಡಿದ್ದಾರೋ!

ಮೀನನ್ನು ಹಾಗೆಯೇ ಫ್ರಿಜ್‌ಗೆ ತಳ್ಳಿ, ಕೈ ತೊಳೆದು, ಬುರ್ಖಾ ಹಾಕಿದೆ. “ಉಮ್ಮಾ, ಸೋ ಎಂಬರಾಸಿಂಗ್!” ಎನ್ನುತ್ತಲೇ ಮಗಳು ಕಟ್ಟಿನ ಒಂದು ತುದಿ ಹಿಡಿದಳು. ಲಿಫ್ಟ್ ಕೆಟ್ಟಿರಲಿಲ್ಲ. ಟ್ಯಾಕ್ಸಿಯವನು ಮುಖ ಸಿಂಡರಿಸದೆ ಡಿಕ್ಕಿ ತೆರೆದ. ಸಿಗ್ನಲ್‌ಗಳೂ ಹಸಿರಾಗಿಯೇ ಸಿಕ್ಕಿದವು. ಅಲ್ಲಾಹನ ಇಂಥ ಚಿಕ್ಕ ಚಿಕ್ಕ ಕೃಪೆಗಳನ್ನು ನಾನು ಬೆರಳು ಮಡಚಿ ಎಣಿಸುತ್ತೇನೆ, ಯಾವುದನ್ನೂ ಬಿಡುವುದಿಲ್ಲ.

ಕೆಲಸಗಾರರ ಬಾಗಿಲಲ್ಲಿ ಇವರು ಕಾಯುತ್ತಿದ್ದರು. ಆ ಸೆಕೆಯಲ್ಲೂ ಜಾಕೆಟ್ ಬಿಚ್ಚಿರಲಿಲ್ಲ.

“ಒಣ ಗೋಣಿ ಹಾಸಬೇಡಿ, ಜಾರುತ್ತದೆ. ಮೊದಲು ಒದ್ದೆ ಮಾಡಿ,” ಎಂದೆ. ಬಾವಿಕಟ್ಟೆಯಲ್ಲಿ ಕಲಿತದ್ದು ಅದೇ.

ಇವರು ಕಟ್ಟನ್ನು ಹೆಗಲಿಗೆ ಏರಿಸಿಕೊಂಡರು. “ಒದ್ದೆ ಮಾಡಿದರೆ ಹೆಪ್ಪುಗಟ್ಟಿ ಐಸಿಗೇ ಕಚ್ಚಿಕೊಳ್ಳುತ್ತದೆ. ಹೌದಲ್ಲ! ಯಲ್ಲಾ, ಇನ್ನು ತಡ ಬೇಡ, ನೀವು ಮನೆಗೆ ಹೋಗಿ.”

ಮನೆಗೆ ಬಂದೆವು. ಮೀನು ನೆನಪಾಯಿತು, ಆದರೆ ಕೈ ಓಡಲಿಲ್ಲ. ಹನ್ನೊಂದು ಕಳೆಯಿತು, ಹನ್ನೆರಡಾಯಿತು. ಮಧ್ಯಾಹ್ನದ ಲುಹರ್ ನಮಾಜು ಮುಗಿಸಿ ಮುಸಲ್ಲಾ ಚಾಪೆ ಮಡಚುವಾಗ ಫೋಟೊ ಬಂತು: ಕೆಂಪು ಜಾಕೆಟ್ ಹಾಕಿದ ಮಕ್ಕಳು ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡು, ನನ್ನ ಗೋಣಿಗಳ ಮೇಲೆ ನಡೆಯುತ್ತಿದ್ದರು. ಹಿಂದೆಯೇ ಇವರ ವಾಯ್ಸ್ ಮೆಸೇಜ್: “ಒಬ್ಬರೂ ಬೀಳಲಿಲ್ಲ. ಮ್ಯಾನೇಜರ್ ಕೈ ಕುಲುಕಿದ್ರು. ಸೂಪರ್‌ವೈಸರ್ ಕೆಲಸ ಖಾಯಂ. ಬಾವಿಕಟ್ಟೆಯ ವಿಷಯವನ್ನೂ ಹೇಳಿದೆ ಅವರಿಗೆ.”

ಅಲ್‌ಹಂದುಲಿಲ್ಲಾಹ್ ಎಂದೆ. ಮಗಳು ಆ ಫೋಟೊವನ್ನು ಗೆಳತಿಯರಿಗೆಲ್ಲ ಕಳಿಸುತ್ತಾ ಕೂತಳು. ಈಗ ಅವಳಿಗೆ ನಾಚಿಕೆ ಇರಲಿಲ್ಲ. ಹೆಮ್ಮೆ ಒಳ್ಳೆಯದಲ್ಲ ಎನ್ನುತ್ತಾರೆ. ಆ ದಿನ ನಾನು ಪಟ್ಟದ್ದನ್ನು ಅಲ್ಲಾಹು ಕ್ಷಮಿಸಲಿ.

ಫ್ರಿಜ್‌ನಿಂದ ಮೀನು ತೆಗೆದೆ. ಅರ್ಧ ಹಾಗೆಯೇ ಉಳಿದಿತ್ತು. ಒಂದು ಹಿಡಿ ಕಲ್ಲುಪ್ಪು ಹಾಕಿ ಉಜ್ಜತೊಡಗಿದೆ.